ನೆರಳಿನ ಪಾತಿಗೆ ಈ ಸಲ ಯಾವ ಹೂ?

ಅಮೆರಿಕದ ಉತ್ತರ ಭಾಗದಲ್ಲಿ ಹೂಗಿಡ ಕೊಳ್ಳುವ ಕಾಲವೆಂದರೆ ಮೇ ತಿಂಗಳು. ಇರುಳಿನ ಹಿಮ ಇನ್ನು ಬೀಳಲಾರದು ಎಂಬ ಧೈರ್ಯ ಬಂದ ಮೇಲೆ, ಎರಡನೇ ಭಾನುವಾರದ ಅಮ್ಮಂದಿರ ದಿನದಿಂದ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಯವರೆಗೆ ನರ್ಸರಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ಲಾಸ್ಟಿಕ್ ಟ್ರೇಗಳಲ್ಲಿ ಬೆಳೆಸಿದ ಪುಟ್ಟ ಸಸಿಗಳನ್ನು ಜನ ಕಾರಿನ ಡಿಕ್ಕಿ ತುಂಬ ಹೇರಿಕೊಂಡು ಹೋಗುತ್ತಾರೆ. ಬೇಸಿಗೆಯುದ್ದಕ್ಕೂ ಪಾತಿ ತುಂಬ ಹೂ ಹೊದ್ದು ನಿಂತು, ಶರತ್ಕಾಲದ ಮೊದಲ ಹಿಮಕ್ಕೆ ಸತ್ತುಹೋಗುವ ಈ ಸಸಿಗಳಿಗೆ ಅಲ್ಲಿ ಬೆಡ್ಡಿಂಗ್ ಪ್ಲಾಂಟ್ ಎನ್ನುತ್ತಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಒತ್ತೊತ್ತಾಗಿ ನೆಟ್ಟ ಸಾಲ್ವಿಯಾ, ಪೆಟೂನಿಯಾ ಪಾತಿಗಳನ್ನು ನೋಡಿದವರಿಗೆ ಇದರ ಅಂದ ಬಿಡಿಸಿ ಹೇಳಬೇಕಿಲ್ಲ.

ಬಿಸಿಲು ಬೀಳುವ ಜಾಗಕ್ಕೆ ಹೂವಿನ ಬರವಿಲ್ಲ. ಚೆಂಡುಹೂ, ಜೀನಿಯಾ, ಪೆಟೂನಿಯಾ, ನಿತ್ಯಪುಷ್ಪ, ಯಾವುದನ್ನು ನೆಟ್ಟರೂ ಬರುತ್ತದೆ. ತೊಡಕಿರುವುದು ನೆರಳಿನಲ್ಲಿ. ಮೇಪಲ್ ಮರದ ಬುಡ, ಮನೆಯ ಉತ್ತರದ ಗೋಡೆಯ ಕೆಳಗೆ, ಬಾಗಿಲ ಮುಂದಿನ ಸೂರಿನಡಿ ಬಹಳಷ್ಟು ಗಿಡಗಳು ಬರೀ ಎಲೆ ಬಿಟ್ಟು ಉದ್ದಕ್ಕೆ ಹೋಗುತ್ತವೆ. ಇಂಥ ಕಡೆಯೂ ಬಿಡದೆ ಹೂ ಕೊಡುತ್ತಿದ್ದದ್ದು, ಅಗ್ಗಕ್ಕೆ ಸಿಗುತ್ತಿದ್ದದ್ದು ಇಂಪೇಷನ್ಸ್. ಬ್ರಿಟನ್ನಿನವರ ಬಾಯಲ್ಲಿ ಅದು ಬಿಜಿ ಲಿಜಿ. ನಮ್ಮ ಕರ್ಣಕುಂಡಲದ ಕುಲದ್ದೇ ಗಿಡ. ಬಲಿತ ಕಾಯಿಯನ್ನು ಮುಟ್ಟಿದರೆ ಸಿಡಿದು ಬೀಜ ಚಿಮ್ಮುವ ಆಟ ಇದರಲ್ಲೂ ಇದೆ.

2011ರ ಬೇಸಿಗೆಯ ಕೊನೆಗೆ ಈ ಗಿಡಕ್ಕೆ ಗಂಡಾಂತರ ಬಂತು. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ಮಿನೆಸೋಟ, ಇಲಿನಾಯ್ಸ್ ಮುಂತಾದ ರಾಜ್ಯಗಳಲ್ಲಿ ಜುಲೈವರೆಗೆ ಮೈತುಂಬ ಹೂವಿದ್ದ ಪಾತಿಗಳು ಆಗಸ್ಟ್ ಕಳೆಯುವಷ್ಟರಲ್ಲಿ ಬರೀ ಕಡ್ಡಿಗಳಾದವು. ಮೊದಲು ಎಲೆ ತಿಳಿಹಳದಿಗೆ ತಿರುಗಿತು. ಗೊಬ್ಬರ ಕಡಿಮೆಯಾಯಿತೇನೋ ಎಂದು ಜನ ಗೊಬ್ಬರ ಹಾಕಿದರು. ಎಲೆಯಂಚು ಕೆಳಮುಖವಾಗಿ ಮುದುರಿತು. ನೀರು ಸಾಲದೇನೋ ಎಂದು ನೀರು ಹನಿಸಿದರು, ಅದು ರೋಗಕ್ಕೆ ಇನ್ನಷ್ಟು ಅನುಕೂಲವಾಯಿತು. ಬಳಿಕ ಹೂ ಉದುರಿದವು, ಎಲೆ ಉದುರಿದವು. ಕೊನೆಗೆ ಉಳಿದದ್ದು ತಿಳಿಹಸಿರು ಬಣ್ಣದ, ನೀರು ತುಂಬಿದ ಬೋಳು ಕಾಂಡ, ಅದರ ತುದಿಯಲ್ಲಿ ಒಂದೆರಡು ಸಣ್ಣ ಎಲೆ. ಆ ಚಳಿಗಾಲದಲ್ಲೇ ಫ್ಲಾರಿಡಾದ ಪಾತಿಗಳಿಗೂ ರೋಗ ತಗುಲಿತು. 2012ರಲ್ಲಿ ಅದು 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕಾಣಿಸಿಕೊಂಡಿತ್ತು. ಬ್ರಿಟನ್ ಈ ಪಾಡನ್ನು ಅದಕ್ಕೂ ಮೊದಲೇ ಕಂಡಿತ್ತು: ರೋಗ ಅಲ್ಲಿ ಮೊದಲು ಪತ್ತೆಯಾದದ್ದು 2003ರಲ್ಲಿ, ಮಳೆ ಜೋರಾಗಿದ್ದ 2007 ಮತ್ತು 2008ರ ಬೇಸಿಗೆಗಳಲ್ಲಿ ಬಲವಾಗಿ ಹಬ್ಬಿತು. 2011ರಲ್ಲಿ ಮತ್ತೆ ಎದ್ದ ಮೇಲೆ ಅಲ್ಲಿನ ಹಲವು ಮಾರಾಟಗಾರರು ಬಿಜಿ ಲಿಜಿ ಮಾರುವುದನ್ನೇ ನಿಲ್ಲಿಸಿದರು.

ರೋಗದ ಹೆಸರು ಡೌನಿ ಮಿಲ್ಡ್ಯೂ, ನಮ್ಮ ಕೃಷಿ ಪುಸ್ತಕಗಳ ಬೂಜು ತುಪ್ಪಟ ರೋಗ. ದ್ರಾಕ್ಷಿ ಬೆಳೆಯುವ ವಿಜಯಪುರದ ರೈತರಿಗೆ ಇದೇ ಬಗೆಯ ರೋಗ ದಾವಣಿ ಎಂದು ಚೆನ್ನಾಗಿ ಗೊತ್ತು. ಎಲೆಯ ಮೇಲೆ ಬೂದಿ ಚೆಲ್ಲಿದಂತೆ ಕಾಣುವ ಬೂದಿ ರೋಗವೇ ಬೇರೆ, ಇದೇ ಬೇರೆ. ಬೂಜು ತುಪ್ಪಟದ ಬಿಳಿ ಪದರ ಏಳುವುದು ಎಲೆಯ ಅಡಿಯಲ್ಲಿ. ಮೇಲಿನಿಂದ ನೋಡುವವರಿಗೆ ಎಲೆ ಕೊಂಚ ಕಳೆಗುಂದಿದೆ ಅನ್ನಿಸುತ್ತದೆ, ಅಷ್ಟೇ. ಅಷ್ಟರಲ್ಲಿ ಅಡಿಯಿಂದ ಬೀಜಕಣಗಳು ಗಾಳಿಗೆ ಹಾರಿ ಪಕ್ಕದ ಬೀದಿ ಸೇರಿರುತ್ತವೆ.

ಈ ರೋಗಾಣು ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ಊಮೈಸೀಟ್ ಎಂಬ ಬೇರೆಯೇ ಗುಂಪಿನದು, ವಂಶದಲ್ಲಿ ಕಂದು ಪಾಚಿಗಳಿಗೆ ಹತ್ತಿರ. ಅದಕ್ಕಾಗಿಯೇ ಸಾಮಾನ್ಯ ಶಿಲೀಂಧ್ರನಾಶಕಗಳಲ್ಲಿ ಎಷ್ಟೋ ಇದಕ್ಕೆ ನಾಟುವುದಿಲ್ಲ. ಎಲೆ ನಾಲ್ಕೈದು ಗಂಟೆ ಒದ್ದೆಯಿದ್ದು, ರಾತ್ರಿ ತಂಪಾಗಿದ್ದರೆ ಇದಕ್ಕೆ ಅಷ್ಟು ಸಾಕು. ಒಳಹೊಕ್ಕ ಮೇಲೆ ಒಂದೆರಡು ವಾರ ಗಿಡ ಆರೋಗ್ಯವಾಗಿಯೇ ಕಾಣುತ್ತದೆ. ನರ್ಸರಿಯಲ್ಲಿ ಕಣ್ಣಿಗೆ ತುಂಬಿಕೊಂಡ ಸಸಿ ಮನೆಗೆ ಬಂದು ಕುಸಿಯುವುದು ಹೀಗೆ. ಗಾಳಿಗೆ ಹಾರುವ ಕಣಗಳು ಬಹುಕಾಲ ಬದುಕಲಾರವು. ಆದರೆ ರೋಗಾಣು ಕಾಂಡದೊಳಗೆ ದಪ್ಪ ಗೋಡೆಯ ಇನ್ನೊಂದು ಬಗೆಯ ಬೀಜಕಣವನ್ನೂ ಕಟ್ಟುತ್ತದೆ. ಕಾಂಡ ಕೊಳೆತು ಮಣ್ಣಿಗೆ ಸೇರಿದಾಗ ಅದೂ ಮಣ್ಣಿಗಿಳಿದು, ಚಳಿಗಾಲ ದಾಟಿ, ಮುಂದಿನ ಸಸಿಗೆ ಕಾಯುತ್ತದೆ.

ಇದು ಇಷ್ಟು ಬೇಗ ಇಷ್ಟು ದೂರ ಹಬ್ಬಿದ್ದು ಏಕೆ ಎಂದು ಕೇಳಿದರೆ, ಗಿಡದ ಚರಿತ್ರೆಗೇ ಹೋಗಬೇಕು. ಇಂಪೇಷನ್ಸ್ ವಾಲೆರಿಯಾನ ಪೂರ್ವ ಆಫ್ರಿಕದ ಕಾಡಿನದು. ಡೇವಿಡ್ ಲಿವಿಂಗ್‌ಸ್ಟನ್ನರ ಗೆಳೆಯ, ಮಿಷನರಿ ಹೊರೇಸ್ ವಾಲರ್ ಹೆಸರನ್ನು 1868ರಲ್ಲಿ ಇದಕ್ಕೆ ಇಟ್ಟವರು ಕ್ಯೂ ಉದ್ಯಾನದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್. ಜಾಂಜಿಬಾರಿನಿಂದ ಅಲ್ಲಿನ ಬ್ರಿಟಿಷ್ ಕಾನ್ಸಲ್ ಜಾನ್ ಕಿರ್ಕ್ ಕಳಿಸಿಕೊಟ್ಟ ಗಿಡಕ್ಕೆ 1882ರಲ್ಲಿ ಅಲ್ಲಿನ ಸುಲ್ತಾನನ ಹೆಸರಿಟ್ಟವರೂ ಅವರೇ. ಎರಡೂ ಒಂದೇ ಗಿಡವೆಂದು ಆಮೇಲೆ ತಿಳಿಯಿತು. ಅದನ್ನು ಬೀದಿಬೀದಿಯ ಹೂವಾಗಿಸಿದವರು ಟೆಕ್ಸಸ್‌ನ ಕ್ಲಾಡ್ ಹೋಪ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆಗೆ ಕ್ವಿನೈನ್ ಒದಗಿಸಲು ಸಿಂಕೋನಾ ಬೆಳೆಸುವ ಕೆಲಸಕ್ಕೆ ಕೋಸ್ಟರಿಕಕ್ಕೆ ಹೋದವರು, ಯುದ್ಧ ಮುಗಿದ ಮೇಲೂ ಅಲ್ಲೇ ನಿಂತರು. ಅಲ್ಲಿ ತೋಟ ದಾಟಿ ಕಾಡುಗಿಡದಂತೆ ಬೆಳೆದಿದ್ದ ಇಂಪೇಷನ್ಸ್‌ನಿಂದ ಗಿಡ್ಡಗೆ, ಗುಂಪಾಗಿ ಹಬ್ಬಿ, ಎಲೆ ಕಾಣದಷ್ಟು ಹೂ ಬಿಡುವ ಎಲ್ಫಿನ್ ತಳಿಗಳನ್ನು 1960ರ ದಶಕದ ಕೊನೆಯಲ್ಲಿ ಹೊರತಂದರು. ಹೋಪ್ ಅವರ ಕೆಲಸ ಅಪರೂಪದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ನಾಲ್ಕು ದಶಕ ಅಮೆರಿಕದ ನೆರಳೆಲ್ಲ ಈ ಒಂದೇ ಜಾತಿಯ ಗಿಡಕ್ಕೆ ಒಪ್ಪಿಸಿಹೋಯಿತು. ಬಣ್ಣ ಹತ್ತಾರು, ಜಾತಿ ಒಂದೇ. ಮನೆಯಂಗಳ, ಬ್ಯಾಂಕಿನ ಮುಂದೆ, ಚರ್ಚಿನ ಪಕ್ಕ, ಪಾರ್ಕಿನ ಮರದ ಸುತ್ತ ಎಲ್ಲೆಲ್ಲೂ ಅದೇ. ರೋಗಾಣು ಒಂದು ಪಾತಿಯಿಂದ ಹಾರಿ ಎಲ್ಲಿ ಇಳಿದರೂ ಊಟ ಸಿದ್ಧವಿತ್ತು.

ಮದ್ದಿಲ್ಲವೇ? ಇದೆ, ಆದರೆ ಬರುವುದಕ್ಕೆ ಮುಂಚೆ ಮಾತ್ರ. ಈ ಮಾತು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಡಿಕೆಯ ಕೊಳೆರೋಗವೂ ಊಮೈಸೀಟ್ ಗುಂಪಿನ ರೋಗವೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ಕೊಳೆಯನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು, ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ತೋಟಗಳಿಗೆ ತಂದರು. ಆ ದ್ರಾವಣ ಹುಟ್ಟಿದ್ದೂ ದ್ರಾಕ್ಷಿಯ ಡೌನಿ ಮಿಲ್ಡ್ಯೂ ಕಾಟದಲ್ಲೇ. ಫ್ರಾನ್ಸಿನ ಮೆಡಾಕ್ ಸೀಮೆಯಲ್ಲಿ ಕಳ್ಳರು ಹಣ್ಣು ಕೀಳದಿರಲೆಂದು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿದಿದ್ದರು. ಬಳಿದ ಬಳ್ಳಿಗಳಷ್ಟೇ ಹಸಿರಾಗಿ ಉಳಿದದ್ದನ್ನು ಸಸ್ಯವಿಜ್ಞಾನಿ ಪಿಯೆರ್ ಮಿಯಾರ್ದೆ ಗಮನಿಸಿ, 1885ರಲ್ಲಿ ಅದರ ಪಾಕವನ್ನು ಪ್ರಕಟಿಸಿದರು. ಇಂದಿಗೂ ಶೇ 1ರ ಬೋರ್ಡೋ ಎಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು.

ಹೂವಿನ ಪಾತಿಯ ಲೆಕ್ಕ ಮಾತ್ರ ಬೇರೆ. ಅಡಿಕೆ ಮರ ದಶಕಗಳ ಬಾಳು, ಮನೆಯ ಆದಾಯ. ಮಳೆ ಹಿಡಿಯುವ ಮುನ್ನ ಒಂದು ಸಲ, ನಡುವೆ ಮತ್ತೊಂದು ಸಲ ಗೊನೆಗೆ ಮದ್ದು ಹೊಡೆಸುವ ಖರ್ಚಿಗೆ ಅರ್ಥವಿದೆ. ಕೊಳೆ ಬಂತೆಂದು ಅಡಿಕೆ ಬಿಟ್ಟು ಇನ್ನೊಂದು ಬೆಳೆ ಹಾಕುವುದು ಅಷ್ಟು ಸುಲಭವಲ್ಲ. ಪಾತಿಯ ಸಸಿಗೆ ಆಯುಷ್ಯವೇ ಐದು ತಿಂಗಳು, ಬೆಲೆ ಕೆಲವು ಡಾಲರ್. ಅದನ್ನು ಉಳಿಸಲು ಮನೆಯಂಗಳದಲ್ಲಿ, ಮಕ್ಕಳು ಆಡುವ ಕಡೆ, ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಔಷಧಿ ಹೊಡೆಯುವುದು ಯಾವ ದೃಷ್ಟಿಯಿಂದಲೂ ಸರಿಯಲ್ಲ. ಹೊಡೆದರೂ ಭರವಸೆಯಿಲ್ಲ: ಹಸಿರುಮನೆಯ ಬೆಳೆಗಾರರು ನೆಚ್ಚಿದ್ದ ಮೆಟಲಾಕ್ಸಿಲ್-ಎಂ ಮದ್ದಿಗೆ ಬಗ್ಗದ ರೋಗಾಣು 2011ರಲ್ಲೇ ಬ್ರಿಟನ್ನಿನಲ್ಲಿ ಸಿಕ್ಕಿತ್ತು. ಇಲ್ಲಿ ಗಿಡ ಬದಲಿಸುವುದೇ ಚಿಕಿತ್ಸೆ. ತೋಟದ ಆರೋಗ್ಯ ತೀರ್ಮಾನವಾಗುವುದು ಮೇ ತಿಂಗಳಲ್ಲಿ, ನರ್ಸರಿಯಲ್ಲಿ ಕೈ ಯಾವ ಟ್ರೇಯತ್ತ ಹೋಗುತ್ತದೆ ಎಂಬುದರಲ್ಲಿ.

ಹಾಗಾದರೆ ಯಾವುದು? ಮೊದಲಿಗೆ ಹೆಸರಿಸಬೇಕಾದ್ದು ನ್ಯೂ ಗಿನಿ ಇಂಪೇಷನ್ಸ್. ಹೆಸರು ಕೇಳಿ ಹೆದರಬೇಕಿಲ್ಲ. ಇದು ಅದೇ ಕುಲದ ಬೇರೆ ಜಾತಿ, ಇಂಪೇಷನ್ಸ್ ಹಾಕೆರಿ. ವಾಲೆರಿಯಾನವನ್ನು ನೆಲಸಮ ಮಾಡಿದ ರೋಗಕ್ಕೆ ಇದು ಸುಲಭಕ್ಕೆ ಬಗ್ಗುವುದಿಲ್ಲ. 1970ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಪೆನ್ಸಿಲ್ವೇನಿಯಾದ ಲಾಂಗ್‌ವುಡ್ ಉದ್ಯಾನ ಸೇರಿ ನ್ಯೂ ಗಿನಿ ದ್ವೀಪಕ್ಕೆ ಕಳಿಸಿದ್ದ ತಂಡ ತಂದ ಗಿಡಗಳಿಂದ ಈ ತಳಿಗಳು ಬೆಳೆದು ಬಂದವು. ಎಲೆ ಉದ್ದ, ಕಡುಹಸಿರು ಇಲ್ಲವೇ ತಾಮ್ರವರ್ಣ. ಹೂ ಹಳೆಯದಕ್ಕಿಂತ ದೊಡ್ಡದು. ಹೆಚ್ಚಿನವನ್ನು ಕಟಿಂಗ್‌ನಿಂದ ಬೆಳೆಸುವುದರಿಂದ ಬೆಲೆ ಜಾಸ್ತಿ, ನೀರು ತಪ್ಪಿದರೆ ಕೂಡಲೇ ಬಾಡುತ್ತದೆ. ದಟ್ಟ ನೆರಳಿನಲ್ಲಿ ಹೂ ಕಡಿಮೆಯಾಗುತ್ತದೆ; ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಇರುವ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಜಪಾನಿನ ಸಕಾಟ ಕಂಪನಿಯ ಸನ್‌ಪೇಷನ್ಸ್ ತಳಿಗಳು ಪೂರ್ಣ ಬಿಸಿಲನ್ನೂ ತಾಳುತ್ತವೆ.

ಹಳೆಯ ಇಂಪೇಷನ್ಸ್‌ನಂತೆ ನೆಲಕ್ಕೆ ಹಾಸಿದ ಹೂವೇ ಬೇಕೆನ್ನುವವರಿಗೆ ಬೆಗೋನಿಯಾ. ಮೇಣ ಸವರಿದಂಥ ಹೊಳಪಿನ ಎಲೆಯ ಈ ಗಿಡದ ಮೂಲ ದಕ್ಷಿಣ ಅಮೆರಿಕ. ತಾಮ್ರಬಣ್ಣದ ಎಲೆಯವು ಬಿಸಿಲನ್ನು ಹೆಚ್ಚು ತಡೆಯುತ್ತವೆ, ಹಸಿರೆಲೆಯವು ನೆರಳಿಗೆ ಹೊಂದುತ್ತವೆ. ನ್ಯೂ ಜರ್ಸಿಯಂಥ ಕಡೆ ಇದಕ್ಕೆ ಇನ್ನೊಂದು ಮೆಚ್ಚುಗೆಯೂ ಇದೆ. ಅಂಗಳಕ್ಕೆ ನುಗ್ಗುವ ಜಿಂಕೆಗಳು ಇಂಪೇಷನ್ಸ್ ಕಂಡರೆ ಬಿಡುವುದಿಲ್ಲ, ಬೆಗೋನಿಯಾವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗೆಂದು ಬೆಗೋನಿಯಾಗೆ ರೋಗವೇ ಇಲ್ಲವೆಂದಲ್ಲ. ಗಾಳಿಯಾಡದ ಕಡೆ ಒತ್ತೊತ್ತಾಗಿ ನೆಟ್ಟರೆ ಬೂದಿ ರೋಗ ಬರುತ್ತದೆ, ನೀರು ನಿಂತರೆ ಬುಡ ಕೊಳೆಯುತ್ತದೆ.

ಹೂವೇ ಆಗಬೇಕೆಂಬ ಹಟ ಬಿಟ್ಟರೆ ನೆರಳಿನ ಪಾತಿಗೆ ಎಷ್ಟೋ ದಾರಿಗಳು ತೆರೆಯುತ್ತವೆ. ಕೆಸುವಿನ ಕುಟುಂಬದ ಕೆಲೇಡಿಯಂ ಬಿಳಿ, ಗುಲಾಬಿ, ಕೆಂಪು ನರಗಳ ದೊಡ್ಡ ಎಲೆಗಳಿಂದ ಕತ್ತಲ ಮೂಲೆಗೂ ಬೆಳಕು ತರುತ್ತದೆ. ಜಗತ್ತಿನ ಬಹುಪಾಲು ಕೆಲೇಡಿಯಂ ಗೆಡ್ಡೆಗಳು ಬರುವುದು ಫ್ಲಾರಿಡಾದ ಲೇಕ್ ಪ್ಲಾಸಿಡ್ ಎಂಬ ಸಣ್ಣ ಊರಿನ ಸುತ್ತಲಿಂದ. ಗೆಡ್ಡೆಗೆ ಬೆಚ್ಚಗಿನ ಮಣ್ಣು ಬೇಕು. ಮೇ ತಿಂಗಳ ತಣ್ಣನೆ ಮಣ್ಣಿಗೆ ಅವಸರದಿಂದ ಊರಿದರೆ ಕೊಳೆತುಹೋಗುತ್ತದೆ, ಜೂನ್‌ವರೆಗೆ ಕಾಯುವುದೇ ಮೇಲು. ಕೆಸುವಿನಂತೆ ಇದರ ಎಲೆಯೂ ಬಾಯಿಗೆ ಹೋದರೆ ವಿಪರೀತ ತುರಿಕೆ, ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಎಚ್ಚರ ಬೇಕು. ಹೂವಿನತ್ತಲೇ ಮರಳುವುದಾದರೆ, ನೀಲಿ ಹೂವಿನ ಟೊರೇನಿಯಾ ನಮ್ಮ ಕಡೆಯೂ ಕುಂಡಗಳಲ್ಲಿ ಕಾಣುವ ಗಿಡ, ನೆರಳು ಮತ್ತು ತೇವ ಇದ್ದರೆ ಸಾಕು. ಬೇಸಿಗೆಯೂ ತಂಪಾಗಿರುವ ಬ್ರಿಟನ್ನಿನಲ್ಲಿ ಫ್ಯೂಷಿಯಾ, ಲೊಬೀಲಿಯಾ, ಗೆಡ್ಡೆ ಬೆಗೋನಿಯಾಗಳು ಬಿಜಿ ಲಿಜಿಯ ಜಾಗ ತುಂಬಿವೆ.

ಕೋಲಿಯಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬದಲಿ ಗಿಡ ಎಂದೊಡನೆ ಎಲ್ಲರೂ ಬೆರಳು ತೋರಿಸುವುದು ಇದರತ್ತ. ಬಣ್ಣಬಣ್ಣದ ಎಲೆ, ಚಿವುಟಿ ನೆಟ್ಟರೂ ಬೇರು ಬಿಡುವ ಸ್ವಭಾವ; ದೊಡ್ಡಪತ್ರೆಯ ಕುಲದ್ದೇ ಆದ್ದರಿಂದ ನಮ್ಮವರಿಗೆ ಇದರ ಜೀವಶಕ್ತಿ ಗೊತ್ತು. ಇಂಪೇಷನ್ಸ್‌ನ ರೋಗಾಣು ಕೋಲಿಯಸ್ಸನ್ನು ಮುಟ್ಟುವುದಿಲ್ಲ, ನಿಜ. ಆದರೆ ಕೋಲಿಯಸ್ಸಿಗೆ ಅದರದೇ ಡೌನಿ ಮಿಲ್ಡ್ಯೂ ಇದೆ, ಅಮೆರಿಕದಲ್ಲಿ 2005ರಿಂದ ಕಾಣಿಸಿಕೊಂಡಿದೆ. ಎಲೆಯ ಮೇಲೆ ಕಂದು ತೇಪೆ, ಅಡಿಯಲ್ಲಿ ಬೂದು ನೇರಳೆ ಬೂಜು, ಸೊಟ್ಟಗಾದ ಚಿಗುರು. ಡೌನಿ ಮಿಲ್ಡ್ಯೂ ಎಂಬುದು ಒಂದು ರೋಗವಲ್ಲ, ಒಂದು ಬಳಗ. ದ್ರಾಕ್ಷಿಯದು ದ್ರಾಕ್ಷಿಗೆ, ಸೂರ್ಯಕಾಂತಿಯದು ಸೂರ್ಯಕಾಂತಿಗೆ. ಹಾಗಾಗಿ ಇಂಪೇಷನ್ಸ್ ಕಿತ್ತ ಜಾಗಕ್ಕೆಲ್ಲ ಕೋಲಿಯಸ್ ತುಂಬಿಸಿದರೆ ಹಳೆಯ ತಪ್ಪನ್ನೇ ಹೊಸ ಗಿಡದಲ್ಲಿ ಮಾಡಿದಂತೆ. ಒಂದೇ ಪಾತಿಯಲ್ಲಿ ಮೂರು ಕುಟುಂಬದ ಗಿಡಗಳಿದ್ದರೆ ಒಂದಕ್ಕೆ ರೋಗ ಬಂದಾಗ ಉಳಿದೆರಡು ಬಣ್ಣ ಕಾಯುತ್ತವೆ. ಹಿಂದೆ ಕೆಲೇಡಿಯಂ, ನಡುವೆ ಬೆಗೋನಿಯಾ, ಅಂಚಿಗೆ ಟೊರೇನಿಯಾ ನೆಟ್ಟ ಪಾತಿ ಒಂದೇ ಬಣ್ಣದ ಹಾಸಿಗಿಂತ ಅಂದದಲ್ಲೂ ಕಡಿಮೆಯಿಲ್ಲ.

ಬಿಸಿಲಿನ ಗಿಡವನ್ನು ನೆರಳಿಗೆ ತಂದು ನೆಡುವುದು ಇನ್ನೊಂದು ಎಡವಟ್ಟು. ನಿತ್ಯಪುಷ್ಪದ ಹೂ ದೂರದಿಂದ ಇಂಪೇಷನ್ಸ್ ಹೂವಿನಂತೆಯೇ ಕಾಣುತ್ತದೆ. ಬಿಸಿಲಿನಲ್ಲಿ, ನೀರು ಬಸಿಯುವ ಮಣ್ಣಿನಲ್ಲಿ ಅದಕ್ಕೆ ಸಾಟಿಯಿಲ್ಲ. ತೇವದ ನೆರಳಿನಲ್ಲಿ ನೆಟ್ಟರೆ ಮಾತ್ರ ಕೊಳೆರೋಗದ ಕುಲದ್ದೇ ಆದ ಫೈಟಾಫ್ತೊರಾ ಬಂದು ಕಾಂಡ ಕಪ್ಪಾಗಿ ಸಾಯುತ್ತದೆ.

ಹಳೆಯ ಗೆಳೆಯನನ್ನು ಬಿಡಲಾರೆ ಎನ್ನುವವರಿಗೆ ಈಗ ಒಂದು ದಾರಿ ತೆರೆದಿದೆ. ಸಿಂಜೆಂಟಾ ಕಂಪನಿಯ ಇಮಾರಾ ಎಕ್ಸ್‌ಡಿಆರ್, ಪ್ಯಾನ್‌ಅಮೆರಿಕನ್ ಸೀಡ್‌ನ ಬೀಕನ್ ಎಂಬ ವಾಲೆರಿಯಾನ ತಳಿಗಳು 2020ರ ಆಸುಪಾಸಿನಲ್ಲಿ ಮಾರುಕಟ್ಟೆಗೆ ಬಂದವು. ನೋಟ, ಹರವು, ಹೂವಿನ ರಾಶಿ ಎಲ್ಲ ಹಳೆಯದರಂತೆಯೇ. ರೋಗ ಹಬ್ಬಿದ ವರ್ಷವೂ ಇವು ಬಹುಮಟ್ಟಿಗೆ ನಿಲ್ಲುತ್ತವೆ. ಅದಕ್ಕೂ ಮೊದಲು ಬಂದ ಬೌನ್ಸ್ ಎಂಬ ಮಿಶ್ರತಳಿಗೂ ಇದೇ ಗುಣವಿದೆ. ಆದರೆ ಚೀಟಿಯ ಮೇಲೆ ಬರೆದಿರುವುದು ರೋಗನಿರೋಧಕ ಶಕ್ತಿ ಹೆಚ್ಚು ಎಂದಷ್ಟೇ, ರೋಗ ಬರುವುದೇ ಇಲ್ಲ ಎಂದಲ್ಲ. ಮದ್ದಿಗೆ ಒಗ್ಗಿದ ರೋಗಾಣು ನಾಳೆ ತಳಿಗೂ ಒಗ್ಗಬಹುದು. ಮತ್ತೆ ಊರಿಗೆಲ್ಲ ಒಂದೇ ತಳಿ ನೆಟ್ಟರೆ ಅದಕ್ಕೆ ದಾರಿ ಸಲೀಸು. ಈ ತಳಿಗಳನ್ನು ಪಾತಿಯ ಒಂದು ಭಾಗಕ್ಕೆ ಕೊಳ್ಳುವುದು ಜಾಣತನ.

ಯಾವುದೇ ಇಂಪೇಷನ್ಸ್ ಕೊಳ್ಳುವಾಗಲೂ ಹೂವಿಗೆ ಮರುಳಾಗುವ ಮುನ್ನ ಎಲೆ ಮಗುಚಬೇಕು. ಟ್ರೇಯ ನಡುವಿನ ಸಸಿಯ ಬುಡದ ಎಲೆಯನ್ನು ಬೆರಳಿನಿಂದ ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿದು ಅಡಿಭಾಗ ನೋಡಬೇಕು. ಆರೋಗ್ಯದ ಎಲೆಯ ಅಡಿ ನುಣುಪಾಗಿ, ಹಸಿರಾಗಿ ಇರುತ್ತದೆ. ರೋಗದ್ದಾದರೆ ಸಕ್ಕರೆ ಪುಡಿ ಸಿಂಪಡಿಸಿದಂಥ ಬಿಳಿ ಪದರ. ಬೂಜು ಇನ್ನೂ ಎದ್ದಿಲ್ಲ, ಎಲೆ ಮಾತ್ರ ಪಕ್ಕದವಕ್ಕಿಂತ ಪೇಲವ ಎನಿಸಿದರೆ ಅದನ್ನು ಒದ್ದೆ ಪೇಪರ್ ಟವೆಲ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿ ಕತ್ತಲಲ್ಲಿಡಬೇಕು. ರೋಗವಿದ್ದರೆ ಬೆಳಗ್ಗೆ ಅಡಿಯಲ್ಲಿ ಬಿಳಿ ತುಪ್ಪಟ ಎದ್ದಿರುತ್ತದೆ. ಖರ್ಚಿಲ್ಲದ, ನಂಬಬಹುದಾದ ಪರೀಕ್ಷೆ ಇದು.

ನೆಟ್ಟ ಮೇಲೆ ಗಿಡದಿಂದ ಗಿಡಕ್ಕೆ ಗಾಳಿಯಾಡುವಷ್ಟು ಅಂತರವಿರಲಿ. ನೀರನ್ನು ಬೆಳಗ್ಗೆ, ಬುಡಕ್ಕೆ ಹಾಕಬೇಕು. ಲಾನಿಗೆಂದು ರಾತ್ರಿ ಹೊತ್ತು ತಾನಾಗಿ ತಿರುಗುವ ಸ್ಪ್ರಿಂಕ್ಲರ್ ಪಕ್ಕದ ಪಾತಿಯ ಎಲೆಗಳನ್ನು ಬೆಳಗಿನವರೆಗೆ ಒದ್ದೆ ಇಡುತ್ತದೆ, ರೋಗಕ್ಕೆ ಇದಕ್ಕಿಂತ ಉಪಕಾರ ಬೇಕಿಲ್ಲ. ರೋಗ ಕಂಡರೆ ಗಿಡವನ್ನು ಬೇರು ಸಮೇತ ಕಿತ್ತು, ಉದುರಿದ ಎಲೆಗಳನ್ನೂ ಹೆಕ್ಕಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಕಾಂಡದೊಳಗಿನ ಬೀಜಕಣಗಳು ಗೊಬ್ಬರದ ಜೊತೆ ಮುಂದಿನ ವರ್ಷದ ಪಾತಿಗೇ ಮರಳುತ್ತವೆ. ಕಿತ್ತ ಜಾಗಕ್ಕೆ ಕೆಲವು ವರ್ಷ ಹಳೆಯ ವಾಲೆರಿಯಾನ ಬೇಡ. ಊರಿನ ನೆನಪಿಗೆಂದು ಅಲ್ಲಿ ಕರ್ಣಕುಂಡಲದ ಬೀಜ ಬಿತ್ತುವ ಕನ್ನಡಿಗರೂ ಆ ಜಾಗ ತಪ್ಪಿಸುವುದು ಒಳ್ಳೆಯದು. ವಾಲೆರಿಯಾನದಷ್ಟಲ್ಲದಿದ್ದರೂ ಕರ್ಣಕುಂಡಲಕ್ಕೂ ಬೂಜು ತುಪ್ಪಟ ತಗುಲುತ್ತದೆ.

ಇಂಪೇಷನ್ಸ್ ಕುಲದ ದೊಡ್ಡ ತವರುಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ನೂರಕ್ಕೂ ಹೆಚ್ಚು ಜಾತಿಗಳು ಇಲ್ಲಿವೆ, ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಮಳೆಗಾಲದಲ್ಲಿ ನೀರಿಳಿಯುವ ಬಂಡೆಗೆ ಅಂಟಿಕೊಂಡು ಗುಲಾಬಿ ಹೂ ಬಿಡುವ ಇಂಪೇಷನ್ಸ್ ಅಕಾಲಿಸ್‌ನಿಂದ ಹಿಡಿದು, ಒಂದೆರಡು ಬೆಟ್ಟ ಬಿಟ್ಟರೆ ಮತ್ತೆಲ್ಲೂ ಕಾಣದ ಜಾತಿಗಳವರೆಗೆ. ಮಂಜು, ತಂಪು ರಾತ್ರಿ, ದಿನಗಟ್ಟಲೆ ಒದ್ದೆಯಿರುವ ಎಲೆ, ಇವೆಲ್ಲ ಇಲ್ಲಿ ಋತುಧರ್ಮ. ಆಫ್ರಿಕದ ವಾಲೆರಿಯಾನವೂ ದಕ್ಷಿಣದ ಗಿರಿಧಾಮಗಳಲ್ಲಿ ತೋಟ ದಾಟಿ ರಸ್ತೆ ಬದಿಗೆ ಇಳಿದು ಬೆಳೆದಿದೆ. ಇಂಥ ಕಡೆಗೆ ಹೊರದೇಶದ ರೋಗಾಣು ಹೊತ್ತ ಒಂದು ಕಡ್ಡಿಯೂ ಬರಬಾರದು. 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಗಿಡ, ಕಟಿಂಗ್ ಅಥವಾ ಬಿತ್ತನೆ ಬೀಜವನ್ನು ಭಾರತಕ್ಕೆ ತರಲು ಆಮದು ಪರವಾನಗಿ ಮತ್ತು ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಅಮೆರಿಕದಲ್ಲಿ ಮಕ್ಕಳ ಮನೆಯಂಗಳದ ಚೆಂದದ ಇಂಪೇಷನ್ಸ್ ಕಂಡು ಒಂದು ಚಿಗುರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಸೇರಿಸುವ ಆಸೆ ಹೂಪ್ರಿಯರಾದ ಅಮ್ಮಂದಿರಿಗೆ ಹುಟ್ಟುವುದು ಸಹಜ; ಮಗನೋ ಮಗಳೋ ವಿಮಾನ ಹತ್ತಿಸುವ ಮುನ್ನ ಈ ನಿಯಮ ತಿಳಿಸಿ, ಆ ಚಿಗುರನ್ನು ಅಲ್ಲೇ ಕುಂಡದಲ್ಲಿ ಊರಿಸಬೇಕು.